ತಿರುಕನ ಕನಸು, ಕಿಸೆಯ ಚೆಕ್ಕು

ಕನ್ನಡ ಶಾಲೆಯಲ್ಲಿ ಓದಿದವರಿಗೆ ಮುಪ್ಪಿನ ಷಡಕ್ಷರಿಯ ತಿರುಕ ಹಳೆಯ ಪರಿಚಯ. ಹಾಳುಬಿದ್ದ ಛತ್ರದಲ್ಲಿ ಮಲಗಿದವನಿಗೆ ಕನಸು ಬೀಳುತ್ತದೆ. ದೊರೆ ತೀರಿಹೋದ ಊರಿನಲ್ಲಿ ಆನೆ ಬಂದು ಇವನ ಕೊರಳಿಗೇ ಮಾಲೆ ಹಾಕುತ್ತದೆ. ಸಿಂಹಾಸನ ಸಿಗುತ್ತದೆ, ಮದುವೆಯಾಗುತ್ತದೆ, ಮಕ್ಕಳಾಗುತ್ತಾರೆ. ಕೊನೆಗೆ ಶತ್ರುಗಳು ಮುತ್ತಿದಾಗ ಬೆಚ್ಚಿ ಕಣ್ಣು ಬಿಟ್ಟರೆ ಅರಮನೆಯೂ ಇಲ್ಲ, ಶತ್ರುವೂ ಇಲ್ಲ. ತರಗತಿಯಲ್ಲಿ ನಾವೆಲ್ಲ ನಕ್ಕೆವು. ಬಡವ ಕಾಣುವ ಕನಸು ನಗುವ ವಸ್ತು ಎಂಬುದನ್ನೂ ಆ ನಗುವಿನ ಜೊತೆಗೇ ಕಲಿತುಬಿಟ್ಟೆವೇನೋ.

ಈಗಿನ ಹುಡುಗರಿಗೆ ಬೇರೊಂದು ಕನಸಿನ ಕಥೆ ಬಾಯಿಪಾಠ. ಅದು ಕೆನಡಾದಲ್ಲಿ ಹುಟ್ಟಿದ ನಟ ಜಿಮ್ ಕ್ಯಾರಿಯದು. ಅಪ್ಪನ ಕೆಲಸ ಹೋದ ಮೇಲೆ ಮನೆಮಂದಿಯೆಲ್ಲ ಕಾರ್ಖಾನೆಯೊಂದರಲ್ಲಿ ಕಸ ಗುಡಿಸುವ, ಕಾವಲು ಕಾಯುವ ಕೆಲಸಕ್ಕೆ ನಿಂತರು. ಕೆಲಕಾಲ ವ್ಯಾನೇ ಅವರ ಮನೆಯಾಗಿತ್ತು. ಮುಂದೆ ಹಾಲಿವುಡ್ಡಿನಲ್ಲಿ ಅವಕಾಶಕ್ಕಾಗಿ ಅಲೆಯುತ್ತಿದ್ದ ದಿನಗಳಲ್ಲಿ ಆತ ತನ್ನ ಹೆಸರಿಗೆ ತಾನೇ ಒಂದು ಕೋಟಿ ಡಾಲರಿನ ಚೆಕ್ಕು ಬರೆದುಕೊಂಡ. ನಟಿಸಿದ್ದಕ್ಕೆ ಸಂಭಾವನೆ ಎಂದು ನಮೂದಿಸಿ, ಕೆಲವು ವರ್ಷ ಮುಂದಿನ ತಾರೀಖು, ಅಂದರೆ 1995ರ ಥ್ಯಾಂಕ್ಸ್‌ಗಿವಿಂಗ್ ಹಬ್ಬದ ದಿನ ಹಾಕಿ ಪರ್ಸಿನಲ್ಲಿಟ್ಟುಕೊಂಡ. ರಾತ್ರಿಯಾದರೆ ಲಾಸ್ ಏಂಜಲೀಸಿನ ಗುಡ್ಡದ ರಸ್ತೆಗೆ ಕಾರು ಒಯ್ದು, ದೊಡ್ಡ ನಿರ್ದೇಶಕರು ತನ್ನನ್ನು ಹೊಗಳುತ್ತಿರುವಂತೆ ಕಲ್ಪಿಸಿಕೊಳ್ಳುತ್ತಿದ್ದ. 1994ರ ಒಂದೇ ವರ್ಷದಲ್ಲಿ ಆತನ ಮೂರು ಚಿತ್ರಗಳು ಗೆದ್ದವು. ಚೆಕ್ಕಿನ ತಾರೀಖು ಬರುವಷ್ಟರಲ್ಲಿ ಸಂಭಾವನೆ ಆ ಮೊತ್ತವನ್ನು ದಾಟಿತ್ತು. ಅದೇ 1994ರಲ್ಲಿ ತಂದೆ ತೀರಿಕೊಂಡಾಗ ಮಾಸಿ ಸವೆದ ಆ ಚೆಕ್ಕನ್ನು ಅವರ ಕಿಸೆಯಲ್ಲಿಟ್ಟೇ ಮಣ್ಣು ಮಾಡಿದ.

ತಿರುಕನೂ ಕನಸು ಕಂಡ, ಕ್ಯಾರಿಯೂ ಕಂಡ. ಯಾರ ಕಥೆಯನ್ನು ಮಕ್ಕಳಿಗೆ ಹೇಳುವುದು? ಗಾದೆಗಳನ್ನು ಕೇಳಿದರೆ ಅವೂ ಒಂದು ಮಾತಿಗೆ ನಿಲ್ಲುವುದಿಲ್ಲ. ‘ಮನಸ್ಸಿದ್ದರೆ ಮಾರ್ಗ’ ಎಂದ ನಾಲಿಗೆಯೇ ‘ಹಾಸಿಗೆ ಇದ್ದಷ್ಟು ಕಾಲು ಚಾಚು’ ಎಂದೂ ಹೇಳಿದೆ.

ಇದು ಜಗಲಿಕಟ್ಟೆಯ ಹರಟೆಗೆ ಮುಗಿಯುವ ಪ್ರಶ್ನೆಯಲ್ಲ. ಧಾರವಾಡದ ಸಪ್ತಾಪುರದಲ್ಲೋ ಬೆಂಗಳೂರಿನ ವಿಜಯನಗರದಲ್ಲೋ ಕೋಚಿಂಗ್ ಸೆಂಟರುಗಳ ಸುತ್ತಲಿನ ರೂಮುಗಳಿಗೆ ಹೋಗಿ ನೋಡಿ. ನಾಲ್ವರು ಹಂಚಿಕೊಂಡ ಕೋಣೆಯ ಗೋಡೆಗೆ ಅಂಟಿಸಿದ ಹಾಳೆಯಲ್ಲಿ ಹುಡುಗನ ಹೆಸರು, ಅದರ ಮುಂದೆ ಇನ್ನೂ ಸಿಗದ ಹುದ್ದೆ. ಊರಿನಲ್ಲಿ ಅಪ್ಪ ಸಾಲ ಮಾಡಿ ಕಟ್ಟಿದ ಫೀಸಿನ ಮೇಲೆ ಆ ಹಾಳೆ ನಿಂತಿದೆ. ಮೊಬೈಲ್ ತೆರೆದರೆ, ಬಯಸಿದ್ದನ್ನು ಕಣ್ಣೆದುರು ತಂದುಕೊಳ್ಳಿ, ವಿಶ್ವವೇ ಅದನ್ನು ತಂದುಕೊಡುತ್ತದೆ ಎನ್ನುವವರ ಸಾಲು. ಈ ಮಾತಿನ ವ್ಯಾಪಾರ ಹಳೆಯದು. ಅಮೆರಿಕ ಆರ್ಥಿಕ ಕುಸಿತದಲ್ಲಿ ನರಳುತ್ತಿದ್ದ 1937ರಲ್ಲಿ ನೆಪೋಲಿಯನ್ ಹಿಲ್ ಬರೆದ ‘ಥಿಂಕ್ ಅಂಡ್ ಗ್ರೋ ರಿಚ್’ ನಮ್ಮ ಫುಟ್‌ಪಾತ್ ಪುಸ್ತಕದಂಗಡಿಗಳಲ್ಲಿ ಇವತ್ತೂ ಸಿಗುತ್ತದೆ. 2006ರಲ್ಲಿ ರೋಂಡಾ ಬರ್ನ್ ‘ದ ಸೀಕ್ರೆಟ್’ ಮೂಲಕ ಅದಕ್ಕೆ ‘ಆಕರ್ಷಣೆಯ ನಿಯಮ’ದ ಹೊಸ ಅಂಗಿ ತೊಡಿಸಿದರು. ಗೋಡೆಗೆ ಹಾಳೆ ಅಂಟಿಸಿದ ಆ ಹುಡುಗನಿಗೆ ಈ ಮಾತು ಎಷ್ಟು ಹಿತ, ಎಷ್ಟು ಅಹಿತ?

ಮೊದಲು ಕನಸಿನ ಪರವಾಗಿ ಏನು ಹೇಳಬಹುದೋ ಅದನ್ನು ನೋಡೋಣ. ಅದು ಸಣ್ಣ ವಾದವೇನಲ್ಲ.

ಅರ್ಥಶಾಸ್ತ್ರಜ್ಞೆಯರಾದ ಕಾರ್ಲಾ ಹಾಫ್ ಮತ್ತು ಪ್ರಿಯಾಂಕಾ ಪಾಂಡೆ ಉತ್ತರ ಪ್ರದೇಶದ ಹಳ್ಳಿಗಾಡಿನಲ್ಲಿ 6 ಮತ್ತು 7ನೇ ತರಗತಿಯ ಹುಡುಗರಿಗೆ ಕಾಗದದ ಮೇಲೆ ದಾರಿ ಹುಡುಕುವ ಆಟ ಕೊಟ್ಟರು. ಬಿಡಿಸಿದ ಪ್ರತಿ ಚಿತ್ರಕ್ಕೂ ಕಾಸು. ಯಾರ ಜಾತಿಯೂ ಹೊರಬೀಳದಿದ್ದಾಗ ದಲಿತ ಹುಡುಗರೂ ಮೇಲ್ಜಾತಿಯ ಹುಡುಗರೂ ಸರಿಸಮವಾಗಿ ಬಿಡಿಸಿದರು. ಎಲ್ಲರೆದುರು ಹೆಸರಿನ ಜೊತೆ ಜಾತಿಯನ್ನೂ ಕೂಗಿ ಹೇಳಿದ ಗುಂಪಿನಲ್ಲಿ ದಲಿತ ಹುಡುಗರ ಸಾಧನೆ ಗಣನೀಯವಾಗಿ ಇಳಿಯಿತು. ಬುದ್ಧಿ ಅದೇ, ಪೆನ್ಸಿಲ್ ಅದೇ, ಬಹುಮಾನವೂ ಅದೇ. ಇಳಿದದ್ದು ‘ನನ್ನಿಂದ ಆಗುತ್ತದೆ, ಮಾಡಿದರೆ ಅದರ ಫಲ ನನಗೆ ಸಿಗುತ್ತದೆ’ ಎಂಬ ಭರವಸೆ. ಜಾತಿಯ ಬೆನ್ನಿಗಂಟಿದ ಬಡತನ ಜೇಬನ್ನು ಮಾತ್ರ ಬರಿದು ಮಾಡುವುದಿಲ್ಲ, ಆಸೆಯ ಅಳತೆಯನ್ನೂ ಕುಗ್ಗಿಸುತ್ತದೆ ಎನ್ನುವುದಕ್ಕೆ ಇದಕ್ಕಿಂತ ಕಟುವಾದ ಸಾಕ್ಷಿ ಬೇಕೇ?

ಕುಗ್ಗಿದ್ದು ಹಿಗ್ಗಲೂ ಬಹುದು. ಪಶ್ಚಿಮ ಬಂಗಾಳದ ಪಂಚಾಯಿತಿಗಳಲ್ಲಿ ಮಹಿಳಾ ಮೀಸಲಾತಿ ಬಂದ ಮೇಲೆ, ಎರಡು ಅವಧಿಗೆ ಹೆಂಗಸರೇ ಪ್ರಧಾನರಾಗಿದ್ದ ಹಳ್ಳಿಗಳನ್ನು ಅರ್ಥಶಾಸ್ತ್ರಜ್ಞೆ ಎಸ್ತರ್ ಡುಫ್ಲೋ ಮತ್ತು ಸಂಗಡಿಗರು ಅಧ್ಯಯನ ಮಾಡಿದರು. ಮಗಳ ಬಗ್ಗೆ ಹೆತ್ತವರಿಗಿದ್ದ ಆಸೆಗೂ ಮಗನ ಬಗ್ಗೆ ಇದ್ದ ಆಸೆಗೂ ನಡುವಿನ ಅಂತರ ಅಲ್ಲಿ ಶೇ 25ರಷ್ಟು ಕುಗ್ಗಿತ್ತು. ಹದಿಹರೆಯದ ಹುಡುಗ ಹುಡುಗಿಯರು ತಮ್ಮ ಬಗ್ಗೆ ತಾವೇ ಇಟ್ಟುಕೊಂಡ ಆಸೆಗಳ ನಡುವಿನ ಅಂತರ ಶೇ 32ರಷ್ಟು ಕುಗ್ಗಿತ್ತು. ಆ ಹುಡುಗಿಯರಿಗೆ ಯಾರೂ ಭಾಷಣ ಮಾಡಿರಲಿಲ್ಲ. ತಮ್ಮ ಓಣಿಯ ಹೆಂಗಸೊಬ್ಬಳು ಕುರ್ಚಿಯಲ್ಲಿ ಕೂತು ಸಹಿ ಹಾಕುವುದನ್ನು ವರ್ಷಗಟ್ಟಲೆ ನೋಡಿದ್ದರು, ಅಷ್ಟೆ.

ಆಫ್ರಿಕಾದ ಟೋಗೊ ದೇಶದ ರಾಜಧಾನಿ ಲೋಮೆಯಿಂದಲೂ ಇಂಥದೇ ವರದಿ ಇದೆ. 2017ರಲ್ಲಿ ಪ್ರಕಟವಾದ ಆ ಅಧ್ಯಯನದಲ್ಲಿ 1,500 ಸಣ್ಣ ವ್ಯಾಪಾರಿಗಳಿದ್ದರು. ಕೆಲವರಿಗೆ ಲೆಕ್ಕಪತ್ರ, ಮಾರಾಟ ಮುಂತಾದ ರೂಢಿಯ ತರಬೇತಿ. ಇನ್ನು ಕೆಲವರಿಗೆ ತಾನಾಗಿ ಮುಂದೆ ಬೀಳುವ, ಅಡ್ಡಿ ಬಂದರೂ ಹಿಂಜರಿಯದ ಮನೋಭಾವದ ತರಬೇತಿ. ಎರಡನೆಯವರ ಲಾಭ ಶೇ 30ರಷ್ಟು ಏರಿತು. ರೂಢಿಯ ತರಬೇತಿ ಪಡೆದವರಲ್ಲಿ ಖಚಿತವಾಗಿ ಹೇಳುವಂಥ ಏರಿಕೆ ಕಾಣಲಿಲ್ಲ. ಜಮಾಖರ್ಚಿನ ಪುಸ್ತಕಕ್ಕಿಂತ ಮನಸ್ಸಿನ ಪಾಠ ಹೆಚ್ಚು ದುಡಿಯಿತು. ‘ಮನಸ್ಸಿನಂತೆ ಮಹಾದೇವ’ ಎಂದ ಹಿರಿಯರು ಸುಮ್ಮನೆ ಹೇಳಿರಲಿಕ್ಕಿಲ್ಲ.

ಇನ್ನು ಎದುರು ಪಕ್ಷ.

ಜರ್ಮನಿಯಲ್ಲಿ ಹುಟ್ಟಿ ನ್ಯೂಯಾರ್ಕಿನಲ್ಲಿ ಪಾಠ ಹೇಳುವ ಮನೋವಿಜ್ಞಾನಿ ಗೇಬ್ರಿಯೆಲೆ ಓಟಿಂಗನ್ ದಶಕಗಳಿಂದ ಹಗಲುಗನಸನ್ನೇ ಅಳೆಯುತ್ತ ಬಂದವರು. ಕೆಲಸ ಹುಡುಕುತ್ತಿದ್ದ ಪದವೀಧರರನ್ನು ಅವರು ಎರಡು ವರ್ಷದ ನಂತರ ಮತ್ತೆ ವಿಚಾರಿಸಿದರು. ಒಳ್ಳೆಯ ಕೆಲಸ ಸಿಕ್ಕಿಬಿಟ್ಟಂತೆ ಸವಿಸವಿಯಾಗಿ ಕಲ್ಪಿಸಿಕೊಳ್ಳುತ್ತಿದ್ದವರು ಕಡಿಮೆ ಅರ್ಜಿ ಹಾಕಿದ್ದರು. ಅವರಿಗೆ ಬಂದ ಕರೆಗಳೂ ಕಡಿಮೆ, ಸಂಬಳವೂ ಕಡಿಮೆ. ಕನಸಿನಲ್ಲೇ ಉಂಡ ಮನಸ್ಸು ಹಸಿವನ್ನು ಮರೆತಿತ್ತು. ಅದೇ ಅಧ್ಯಯನದಲ್ಲಿ ಇನ್ನೊಂದು ಸಂಗತಿಯೂ ಇದೆ. ತಮ್ಮ ಅನುಭವವನ್ನು ನೋಡಿಕೊಂಡು ‘ಕೆಲಸ ಸಿಕ್ಕೀತು’ ಎಂದು ಎಣಿಸಿದವರು ಚೆನ್ನಾಗಿಯೇ ಗೆದ್ದರು. ನಿರೀಕ್ಷೆ ಬೇರೆ, ಹಗಲುಗನಸು ಬೇರೆ. ಎರಡನ್ನೂ ‘ಪಾಸಿಟಿವ್ ಥಿಂಕಿಂಗ್’ ಎಂಬ ಒಂದೇ ಚೀಲಕ್ಕೆ ತುಂಬಿ ಮಾರುವುದರಿಂದಲೇ ಗೊಂದಲ ಹುಟ್ಟುವುದು.

ಎರಡನೆಯ ಆಕ್ಷೇಪ ಶುದ್ಧ ಲೆಕ್ಕದ್ದು. 2021ರ ಅಕ್ಟೋಬರಿನಲ್ಲಿ ಕರ್ನಾಟಕದಲ್ಲಿ 545 ಪಿಎಸ್‌ಐ ಹುದ್ದೆಗಳಿಗೆ ಪರೀಕ್ಷೆ ನಡೆಯಿತು. ಬರೆದವರು ಸುಮಾರು 54 ಸಾವಿರ. ನೂರು ಮಂದಿಗೆ ಒಂದು ಹುದ್ದೆ. ನೂರು ಮಂದಿಯೂ ಕನ್ನಡಿ ಮುಂದೆ ನಿಂತು ಖಾಕಿ ತೊಟ್ಟ ತಮ್ಮನ್ನೇ ಕಣ್ತುಂಬಿಕೊಂಡರೂ ಹುದ್ದೆ ಒಂದೇ. ಆ ಪರೀಕ್ಷೆಯ ಅಕ್ರಮ ಬಯಲಾಗಿ 2022ರಲ್ಲಿ ಇಡೀ ಆಯ್ಕೆಯೇ ರದ್ದಾಯಿತು. ಮರುಪರೀಕ್ಷೆ ನಡೆದದ್ದು 2024ರ ಜನವರಿಯಲ್ಲಿ. ನಡುವಿನ ಎರಡು ವರ್ಷ ರೂಮಿನ ಬಾಡಿಗೆ ಕಟ್ಟುತ್ತ ಕಾದ ಹುಡುಗರಲ್ಲಿ ಆತ್ಮವಿಶ್ವಾಸದ ಕೊರತೆ ಇತ್ತು ಎನ್ನಲು ಯಾರಿಗೆ ನಾಲಿಗೆ ಬರುತ್ತದೆ?

ಮೂರನೆಯದು ಬಡತನ ತಲೆಯ ಮೇಲೆ ಹೊರಿಸುವ ಹೊರೆ. 2013ರಲ್ಲಿ ಸೆಂಧಿಲ್ ಮುಲ್ಲೈನಾಥನ್, ಎಲ್ದಾರ್ ಶಾಫಿರ್ ಮತ್ತಿತರರು ತಮಿಳುನಾಡಿನ 464 ಕಬ್ಬು ಬೆಳೆಗಾರರ ಬಗ್ಗೆ ಪ್ರಕಟಿಸಿದ ಅಧ್ಯಯನ ಪ್ರಸಿದ್ಧ. ಕಟಾವಿಗೆ ಮುಂಚೆ ಕೈ ಖಾಲಿ, ಒಡವೆ ಗಿರವಿ. ಕಟಾವಾದ ಮೇಲೆ ಕೈಯಲ್ಲಿ ಹಣ. ಅದೇ ರೈತನಿಗೆ ಎರಡೂ ಹೊತ್ತಿನಲ್ಲಿ ಬುದ್ಧಿಯ ಒಗಟುಗಳನ್ನು ಕೊಟ್ಟರೆ, ಕೈ ಖಾಲಿ ಇದ್ದಾಗ ಆತ ಸ್ಪಷ್ಟವಾಗಿ ಹಿಂದೆ ಬಿದ್ದ. ನಾಳಿನ ಬಡ್ಡಿಯ ಯೋಚನೆ ತಲೆಯ ಜಾಗವನ್ನೆಲ್ಲ ತಿಂದಿತ್ತು. ಬೆಳಗ್ಗೆ ಅರ್ಧ ಗಂಟೆ ಕಣ್ಣು ಮುಚ್ಚಿ ಕುಳಿತು ಹತ್ತು ವರ್ಷದಾಚೆಯ ಬಂಗಲೆಯನ್ನು ಕಲ್ಪಿಸಿಕೊಳ್ಳಿ ಎಂಬ ಉಪದೇಶಕ್ಕೆ ಬೇಕಾದದ್ದು ಆ ಜಾಗವೇ. ಉಳ್ಳವನಿಗೆ ಅದು ಪುಕ್ಕಟೆ. ಬಡವ ಅದಕ್ಕೂ ಬೆಲೆ ತೆರಬೇಕು.

ಇದರ ಮೇಲೆ ಏಣಿಯ ಉದ್ದವೂ ಇದೆ. ಬಡ ಕುಟುಂಬವೊಂದು ದೇಶದ ಸರಾಸರಿ ಆದಾಯ ಮುಟ್ಟಲು ಎಷ್ಟು ತಲೆಮಾರು ಬೇಕು ಎಂದು ಒಇಸಿಡಿ ಸಂಸ್ಥೆ 2018ರ ವರದಿಯಲ್ಲಿ ಅಂದಾಜು ಮಾಡಿತು. ಡೆನ್ಮಾರ್ಕಿನಲ್ಲಿ ಎರಡು. ಭಾರತದಲ್ಲಿ ಏಳು. ಡೆನ್ಮಾರ್ಕಿನ ಬಡವರು ನಮ್ಮವರಿಗಿಂತ ಮೂರೂವರೆ ಪಟ್ಟು ಹೆಚ್ಚು ಕನಸು ಕಾಣುತ್ತಾರೆ ಎಂದು ಇದಕ್ಕೆ ಅರ್ಥ ಹೇಳುವವರು ಯಾರೂ ಇರಲಾರರು.

ಗೆದ್ದವರ ಕಥೆಗಳಿಗೇ ಒಂದು ಮೋಸವಿದೆ. ಅದನ್ನು ಎರಡು ಸಾವಿರ ವರ್ಷದ ಹಿಂದೆಯೇ ರೋಮಿನ ಸಿಸೆರೊ ಬರೆದಿಟ್ಟಿದ್ದಾನೆ. ದೇವರನ್ನು ನಂಬದ ಡಯಾಗೊರಸನಿಗೆ ಗೆಳೆಯನೊಬ್ಬ ಗುಡಿಯ ಚಿತ್ರಗಳನ್ನು ತೋರಿಸುತ್ತಾನೆ: ನೋಡು, ಹರಕೆ ಹೊತ್ತು ಬಿರುಗಾಳಿಯಿಂದ ಬದುಕಿ ಬಂದವರು ಎಷ್ಟು ಮಂದಿ! ಹರಕೆ ಹೊತ್ತೂ ಮುಳುಗಿಹೋದವರ ಚಿತ್ರಗಳು ಎಲ್ಲಿವೆ ಎಂದು ಡಯಾಗೊರಸ್ ಕೇಳುತ್ತಾನೆ. ನಮ್ಮ ಗಾಂಧಿನಗರಕ್ಕೆ ಬಸ್ಸು ಹತ್ತಿ ಬಂದು, ತಾನೇ ಮುಂದಿನ ಹೀರೊ ಎಂದು ಮನಸಾರೆ ನಂಬಿ, ವರ್ಷಗಟ್ಟಲೆ ಕಾದು ಊರಿಗೆ ಮರಳಿದವರ ಸಂದರ್ಶನ ಯಾವ ಪತ್ರಿಕೆಯಲ್ಲಿ ಬಂದಿದೆ?

ನನಗೆ ಎಲ್ಲಕ್ಕಿಂತ ಕಳವಳ ತರುವುದು ಈ ಉಪದೇಶದ ಬಾಲದಲ್ಲಿರುವ ಕೊಂಡಿ. ಗೆದ್ದದ್ದು ನಂಬಿಕೆಯಿಂದ ಎಂದ ಮೇಲೆ, ಸೋತದ್ದು ನಂಬಿಕೆ ಸಾಲದೆ ಎಂದಾಗುತ್ತದೆ. ಹಿಂದೆ ಬಡವನಿಗೆ ‘ಇದು ನಿನ್ನ ಹಣೆಬರಹ’ ಎನ್ನುತ್ತಿದ್ದರು. ಈಗ ‘ಇದು ನಿನ್ನ ಮೈಂಡ್‌ಸೆಟ್’ ಎನ್ನುತ್ತಾರೆ. ಹಣೆಬರಹದಲ್ಲಿ ತಪ್ಪು ಬ್ರಹ್ಮನದಾದರೂ ಆಗಿತ್ತು. ಚೈನ್ ಲಿಂಕ್ ವ್ಯವಹಾರದ ಸಭೆಗಳಲ್ಲಿ ಈ ಕೊಂಡಿ ಚೆನ್ನಾಗಿ ಕೆಲಸ ಮಾಡುತ್ತದೆ: ದುಡ್ಡು ಕಳೆದುಕೊಂಡವನು ಕಂಪನಿಯನ್ನು ಕೇಳುವುದಿಲ್ಲ, ತನ್ನನ್ನೇ ಬೈದುಕೊಳ್ಳುತ್ತಾನೆ.

ಎರಡೂ ಕಡೆಯ ಮಾತು ಕೇಳಿದ ಮೇಲೆ ತಕ್ಕಡಿ ಯಾವ ಕಡೆ ವಾಲುತ್ತದೆ? ಹತ್ತಿರದಿಂದ ನೋಡಿದರೆ, ಎರಡೂ ತಟ್ಟೆಯಲ್ಲಿರುವ ವಸ್ತು ಒಂದೇ ಅಲ್ಲ. ಪರ ವಾದದ ಅಧ್ಯಯನಗಳಲ್ಲಿ ಕಂಡ ನಂಬಿಕೆ ಕೆಲಸದ ಕುರಿತಾದದ್ದು: ಈ ಒಗಟು ಬಿಡಿಸಬಲ್ಲೆ, ಈ ಅಂಗಡಿ ನಡೆಸಬಲ್ಲೆ. ವಿರೋಧಿಗಳು ಬೈಯುವುದು ಫಲದ ಕನಸನ್ನು: ಬಂಗಲೆ, ಕಾರು, ಚಪ್ಪಾಳೆ. ಕ್ಯಾಲಿಫೋರ್ನಿಯಾದಲ್ಲಿ ಲಿಯೆನ್ ಫಾಮ್ ಮತ್ತು ಶೆಲ್ಲಿ ಟೇಲರ್ 1999ರಲ್ಲಿ ಪ್ರಕಟಿಸಿದ ಪ್ರಯೋಗ ಈ ಗೆರೆಯನ್ನು ಸ್ಪಷ್ಟವಾಗಿ ಎಳೆಯುತ್ತದೆ. ಪರೀಕ್ಷೆಗೆ ಮುನ್ನ ಒಂದು ಗುಂಪಿನ ವಿದ್ಯಾರ್ಥಿಗಳು ಒಳ್ಳೆಯ ಅಂಕ ಬಂದ ಸಂಭ್ರಮವನ್ನು ದಿನವೂ ಕಲ್ಪಿಸಿಕೊಂಡರು. ಇನ್ನೊಂದು ಗುಂಪು ತಾವು ಎಲ್ಲಿ ಕೂತು, ಯಾವ ಹೊತ್ತಿಗೆ, ಹೇಗೆ ಓದುತ್ತೇವೆ ಎಂಬುದನ್ನು ಕಲ್ಪಿಸಿಕೊಂಡಿತು. ಹೆಚ್ಚು ಓದಿದ್ದೂ ಹೆಚ್ಚು ಅಂಕ ಪಡೆದದ್ದೂ ಎರಡನೆಯ ಗುಂಪು. ಊರನ್ನು ಕನಸಿದವರಿಗಿಂತ ದಾರಿಯನ್ನು ಕನಸಿದವರು ಮುಂದೆ ಹೋದರು.

ಕ್ಯಾರಿಯ ಕಥೆಯಲ್ಲೂ ಚೆಕ್ಕಿನ ಹಿಂದೆ ಇಂಥ ದಾರಿಯೊಂದಿದೆ. ಹದಿಹರೆಯದಲ್ಲೇ ಟೊರಾಂಟೊದ ಹಾಸ್ಯ ವೇದಿಕೆ ಹತ್ತಿ, ನಗಿಸಲಾಗದೆ ಇಳಿದು, ಮತ್ತೆ ಹತ್ತಿ, ಹದಿನೈದಕ್ಕೂ ಹೆಚ್ಚು ವರ್ಷ ಸವೆಸಿದ ದಾರಿ ಅದು. ಕಲ್ಪಿಸಿಕೊಂಡು ಎದ್ದು ಹೋಗಿ ಸ್ಯಾಂಡ್‌ವಿಚ್ ತಿನ್ನುತ್ತ ಕೂತರೆ ಏನೂ ಆಗುವುದಿಲ್ಲ ಎಂದು ಆತನೇ ಟಿವಿ ಸಂದರ್ಶನದಲ್ಲಿ ಹೇಳಿದ್ದಾನೆ. ರೀಲ್ಸ್‌ಗೆ ಚೆಕ್ಕು ಸಿಕ್ಕಿತು, ಸ್ಯಾಂಡ್‌ವಿಚ್ಚಿನ ಮಾತು ಉದುರಿಹೋಯಿತು.

ಆದರೆ ಬರೀ ದುಡಿಮೆಯೂ ಪೂರ್ತಿ ಉತ್ತರವಲ್ಲ. ನಂಬಿಕೆ ಎಲ್ಲಿಂದ ಹುಟ್ಟುತ್ತದೆ ಎಂಬುದನ್ನು 1977ರಲ್ಲೇ ಮನೋವಿಜ್ಞಾನಿ ಆಲ್ಬರ್ಟ್ ಬಂಡೂರ ವಿವರಿಸಿದ್ದರು. ತಾನೇ ಮಾಡಿ ಗೆದ್ದ ಅನುಭವ ಎಲ್ಲಕ್ಕಿಂತ ಗಟ್ಟಿ. ಅದರ ನಂತರ ತನ್ನಂಥವನೇ ಗೆದ್ದದ್ದನ್ನು ಕಂಡದ್ದು. ಪರರ ಹುರಿದುಂಬಿಸುವ ಮಾತು ಅವೆರಡರಷ್ಟು ಗಟ್ಟಿಯಲ್ಲ. ಹಾಗಾದರೆ ಬಡವನಿಗೆ ಮೊದಲು ಕೊಡಬೇಕಾದದ್ದು ಮಾತೋ, ಗೆಲ್ಲಲು ಒಂದು ಸಣ್ಣ ಅವಕಾಶವೋ?

ಬಾಂಗ್ಲಾದೇಶದ ಬ್ರ್ಯಾಕ್ ಸಂಸ್ಥೆ ಕಡುಬಡವರಿಗಾಗಿ ರೂಪಿಸಿದ ಯೋಜನೆಯನ್ನು ಭಾರತವೂ ಸೇರಿ ಆರು ದೇಶಗಳ ಸುಮಾರು 10 ಸಾವಿರ ಕುಟುಂಬಗಳಲ್ಲಿ ಪರೀಕ್ಷಿಸಿದ ವರದಿ 2015ರಲ್ಲಿ ಬಂತು. ಹಸುವೋ ಮೇಕೆಯೋ ಕೊಡುವುದು, ಕೆಲವು ತಿಂಗಳು ಊಟದ ಖರ್ಚು, ತರಬೇತಿ, ಉಳಿತಾಯ, ಜೊತೆಗೆ ಒಬ್ಬರು ಮನೆಗೆ ಮತ್ತೆ ಮತ್ತೆ ಬಂದು ವಿಚಾರಿಸಿ ಧೈರ್ಯ ಹೇಳುವುದು. ಯೋಜನೆ ಮುಗಿದ ಒಂದು ವರ್ಷದ ಮೇಲೂ ಆದಾಯ ಮತ್ತು ಊಟದಲ್ಲಿ ಸುಧಾರಣೆ ಉಳಿದಿತ್ತು. ಆದರೆ ಹೊಂಡುರಾಸ್‌ನಲ್ಲಿ ಹಂಚಿದ ಕೋಳಿಗಳು ರೋಗ ತಗುಲಿ ಸತ್ತವು, ಅಲ್ಲಿ ಫಲ ನಿಲ್ಲಲಿಲ್ಲ. ಧೈರ್ಯದ ಮಾತು ಹಸುವಿಗೆ ಜೋಡಿಯಾದೀತು. ಸತ್ತ ಕೋಳಿಗೆ ಬದಲಿಯಾಗದು.

ಇಲ್ಲಿ ನಮ್ಮವರೇ ಆದ ಒಬ್ಬರನ್ನು ನೆನೆಯಬೇಕು. ಗೌರಿಬಿದನೂರು ತಾಲ್ಲೂಕಿನ ಹೊಸೂರಿನಲ್ಲಿ 1920ರಲ್ಲಿ ಬಡ ಕುಟುಂಬದಲ್ಲಿ ಹುಟ್ಟಿದ ಎಚ್. ನರಸಿಂಹಯ್ಯ. ಊರಿನಲ್ಲಿ ಹೈಸ್ಕೂಲಿರಲಿಲ್ಲ, ಓದು ನಿಂತಿತ್ತು. ಬೆಂಗಳೂರಿನ ನ್ಯಾಷನಲ್ ಹೈಸ್ಕೂಲಿಗೆ ವರ್ಗವಾಗಿದ್ದ ಅವರ ಹಳೆಯ ಮುಖ್ಯೋಪಾಧ್ಯಾಯರು ‘ಬಾ’ ಎಂದು ಕರೆದರು. ಬಸ್ಸಿಗೆ ಕಾಸಿಲ್ಲದ ಹುಡುಗ 1935ರಲ್ಲಿ 80 ಕಿಲೋಮೀಟರಿಗೂ ಹೆಚ್ಚು ದೂರವನ್ನು ಎರಡು ದಿನ ನಡೆದು ಬಂದ. ಬಡ ವಿದ್ಯಾರ್ಥಿಗಳ ನಿಲಯದಲ್ಲಿ ಇದ್ದು ಓದಿ, ಭೌತಶಾಸ್ತ್ರದ ಮೇಷ್ಟ್ರಾಗಿ, ಅಮೆರಿಕದ ಓಹಿಯೊದಲ್ಲಿ ಡಾಕ್ಟರೇಟ್ ಪಡೆದು, ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾದರು. ಆ ಹುದ್ದೆಯಲ್ಲಿದ್ದಾಗಲೇ, 1976ರಲ್ಲಿ, ಪವಾಡಗಳನ್ನು ಪರೀಕ್ಷಿಸುವ ಸಮಿತಿ ರಚಿಸಿ ಪ್ರಶ್ನೆ ಕೇಳಿದವರು. ವಿಶ್ವ ತಂದುಕೊಡುತ್ತದೆ ಎಂದು ಯಾರಾದರೂ ಅವರೆದುರು ಹೇಳಿದ್ದರೆ ಸಾಕ್ಷಿ ಎಲ್ಲಿ ಎಂದು ಕೇಳುತ್ತಿದ್ದರು. ಹಾಗೆಂದು ಆ ನಡಿಗೆಯಲ್ಲಿ ನಂಬಿಕೆ ಇರಲಿಲ್ಲವೇ? ಹದಿನೈದರ ಹುಡುಗ ಎರಡು ದಿನ ನಡೆಯುವುದು ನಂಬಿಕೆಯಿಲ್ಲದೆ ಆಗುವ ಮಾತಲ್ಲ.

ಕನ್ನಡ ನಾಡಿನಲ್ಲಿ ಬಡತನದಿಂದ ಮೇಲೆ ಬಂದವರ ಆತ್ಮಕಥೆಗಳಲ್ಲಿ ಈ ಜೋಡಿ ಮತ್ತೆ ಮತ್ತೆ ಕಾಣುತ್ತದೆ: ಹುಡುಗನ ಹಟ, ಜೊತೆಗೆ ಯಾರದೋ ಕೈ. ಸಿದ್ಧಲಿಂಗಯ್ಯನವರ ‘ಊರುಕೇರಿ’ಯಲ್ಲಿ ಹಾಸ್ಟೆಲ್ ಇದೆ. ಹಿಂದಿನವರ ಬಾಲ್ಯದಲ್ಲಿ ವಾರಾನ್ನ ಇತ್ತು, ದಿನಕ್ಕೊಂದು ಮನೆಯ ಊಟ. ತುಮಕೂರಿನ ಸಿದ್ಧಗಂಗಾ ಮಠದಲ್ಲಿ ಇವತ್ತೂ ಸಾವಿರಾರು ಮಕ್ಕಳಿಗೆ ಊಟ, ವಸತಿ, ಓದು ಉಚಿತ. ಈ ಕೈಗಳನ್ನು ಅಳಿಸಿ ಹಟವನ್ನಷ್ಟೇ ಹೇಳಿದರೆ ಸ್ಫೂರ್ತಿಯ ಭಾಷಣವಾಗುತ್ತದೆ. ಹಟವನ್ನು ಅಳಿಸಿ ಕೈಗಳನ್ನಷ್ಟೇ ಹೇಳಿದರೆ ಸರ್ಕಾರಿ ವರದಿಯಾಗುತ್ತದೆ. ಅದೇ ಹಾಸ್ಟೆಲಿನಲ್ಲಿದ್ದೂ ಓದದವರಿದ್ದರು, ಅದೇ ಹಟವಿದ್ದೂ ಹಾಸ್ಟೆಲ್ ಸಿಗದವರಿದ್ದರು.

ಆದ್ದರಿಂದ ನನ್ನ ತೀರ್ಪು ಇಷ್ಟು. ಆತ್ಮವಿಶ್ವಾಸ ಬಡವನ ಬಂಡವಾಳ, ಅನುಮಾನವಿಲ್ಲ. ಆದರೆ ಅದನ್ನು ಅವನ ಮೇಲೆ ಹೊರಿಸುವ ಇನ್ನೊಂದು ಸಾಲವಾಗಿ ಮಾಡಬಾರದು. ಗೋಡೆಗೆ ಹಾಳೆ ಅಂಟಿಸಿದ ಹುಡುಗನೇ, ಅದನ್ನು ಕೀಳಬೇಡ. ಅದರ ಕೆಳಗೆ ನಾಳೆ ಬೆಳಗ್ಗೆ ಏನು ಓದುತ್ತೀಯ ಎಂಬುದನ್ನು ಬರೆ, ಇದು ಆಗದಿದ್ದರೆ ಯಾವ ದಾರಿ ಎಂಬುದನ್ನೂ ಬರೆ. ಹುದ್ದೆ ಸಿಗದಿದ್ದರೆ ನಿನ್ನ ನಂಬಿಕೆ ಸುಳ್ಳಾಗಿತ್ತು ಎಂದು ಯಾರು ಹೇಳಿದರೂ ಕಿವಿಗೊಡಬೇಡ. ವೇದಿಕೆ ಹತ್ತಿ ‘ನಂಬಿ, ಗೆಲ್ಲುತ್ತೀರಿ’ ಎನ್ನುವ ಉಳ್ಳವರಿಗೂ ಒಂದು ಮಾತು: ಒಬ್ಬ ಹುಡುಗನ ಹಾಸ್ಟೆಲ್ ಖರ್ಚು ಎಷ್ಟೆಂದು ಮೊದಲು ಕೇಳಿ ತಿಳಿಯಿರಿ, ಭಾಷಣ ಆಮೇಲೆ.

ಹೊಸೂರಿನ ಆ ಹುಡುಗ ನಡೆದದ್ದು ತನ್ನ ಕಾಲಿನಿಂದಲೇ. ಎರಡನೆಯ ದಿನ ಬೆಂಗಳೂರು ಮುಟ್ಟಿದಾಗ ಅವನಿಗಾಗಿ ಒಂದು ಶಾಲೆಯ ಬಾಗಿಲು ತೆರೆದಿತ್ತು.